ಎದುರು ಜಾಗ ಉಂಟಲ್ಲ!

ಫಿನ್ಲೆಂಡಿನಲ್ಲಿ ಎರಡು ವರ್ಷ ಕಳೆದು ಊರಿಗೆ ಮರಳಿದ ಮೂರನೆಯ ದಿನ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಹತ್ತಿ ಹೇಗೋ ಒಂದು ಸೀಟು ಗಿಟ್ಟಿಸಿಕೊಂಡೆ. ಬಸ್ಸು ಲಾಲ್‌ಬಾಗ್ ದಾಟುವುದರೊಳಗೆ ನಿಂತವರ ಸಂಖ್ಯೆ ಕುಳಿತವರ ಸಂಖ್ಯೆಯನ್ನು ಮೀರಿತ್ತು, ಆದರೂ ಕಂಡಕ್ಟರ್ ಮಾತ್ರ "ದುಂಬು ಪೋಲೆ, ಎದುರು ಜಾಗ ಉಂಟಲ್ಲ!" ಎಂದು ತುಳು ಕನ್ನಡಗಳೆರಡರಲ್ಲಿಯೂ ತನ್ನ ನಂಬಿಕೆಯನ್ನು ಸಾರುತ್ತಲೇ ಇದ್ದ. ಅಷ್ಟರಲ್ಲಿ ನನ್ನ ತೊಡೆಯ ಮೇಲೆ ಒಂದು ಬಟ್ಟೆಯ ಚೀಲ ಬಂದು ಕುಳಿತಿತು. ತಲೆಯೆತ್ತಿ ನೋಡಿದರೆ, ನನ್ನ ತಂದೆಯ ಪ್ರಾಯದವರೊಬ್ಬರು ಮೇಲಿನ ಕಂಬಿಗೆ ಜೋತುಬಿದ್ದು "ಸ್ವಲ್ಪ ಹಿಡ್ಕೊಳ್ಳಿ ಆಯ್ತಾ" ಎಂದರು. ಇದನ್ನು ಕೋರಿಕೆ ಎನ್ನಲಾಗದು. ಕೋರಿಕೆಯಾಗಿದ್ದರೆ ಚೀಲಕ್ಕಿಂತ ಮೊದಲು ಮಾತು ಬರಬೇಕಿತ್ತು. ನಿಂತವರ ಚೀಲವನ್ನು ಕುಳಿತವರು ಹೊರಬೇಕೆಂಬುದು ನಮ್ಮ ಕಡೆಯ ಬಸ್ಸುಗಳಲ್ಲಿ ಯಾರೂ ಬರೆದಿಡದ ಕಾನೂನು, ಅದನ್ನು ನಾನು ಮರೆತಿದ್ದೆ. ಸುರತ್ಕಲ್ ತಲುಪುವಾಗ ತೊಡೆ ತಣ್ಣಗಾಗತೊಡಗಿತು. ಕಂಡಕ್ಟರನ ಕಣ್ಣು ತಪ್ಪಿಸಿ ಚೀಲದೊಳಗೆ ಪ್ರಯಾಣಿಸುತ್ತಿದ್ದ ಬಂಗುಡೆಗಳು, ತಮ್ಮೊಂದಿಗಿದ್ದ ಮಂಜುಗಡ್ಡೆ ಕರಗುತ್ತಿದ್ದಂತೆ, ನನ್ನ ಹೊಸ ಪ್ಯಾಂಟಿನ ಮೂಲಕ ಸಮುದ್ರಕ್ಕೆ ಮರಳುವ ದಾರಿ ಹುಡುಕುತ್ತಿದ್ದವು. ನಾನು ಒದ್ದೆಯನ್ನು ತೋರಿಸಿದಾಗ ಅವರು ದನಿ ತಗ್ಗಿಸಿ, "ಹೆದರಬೇಡಿ, ಫ್ರೆಶ್ ಉಂಟು. ದಕ್ಕೆಯಿಂದಲೇ ತಂದದ್ದು" ಎಂದು ಸಮಾಧಾನ ಹೇಳಿದರು.

ಎರಡು ವರ್ಷಗಳ ಹಿಂದೆ ನಾನೂ ಹೀಗೆಯೇ ಇದ್ದೆ. ಹೆಲ್ಸಿಂಕಿಯ ಮೊದಲ ವಾರದಲ್ಲಿ, ಹಿಮ ಬೀಳುತ್ತಿದ್ದ ಒಂದು ಬೆಳಿಗ್ಗೆ, ಬಸ್ ತಂಗುದಾಣದಲ್ಲಿ ಒಬ್ಬಾತ ಒಂಟಿಯಾಗಿ ನಿಂತಿದ್ದ. ಸಾಲು ಎಲ್ಲಿ ತಪ್ಪಿಹೋಗುವುದೋ ಎಂಬ ಮಂಗಳೂರಿನ ಭಯದಿಂದ ನಾನು ನೇರವಾಗಿ ಅವನ ಬೆನ್ನಿಗೆ ಹೋಗಿ ನಿಂತೆ. ಅವನು ಒಂದು ಹೆಜ್ಜೆ ಮುಂದಿಟ್ಟ. ಸಾಲು ಮುಂದೆ ಸರಿಯಿತೆಂದು ತಿಳಿದು ನಾನೂ ಒಂದು ಹೆಜ್ಜೆ ಇಟ್ಟೆ. ಅವನು ಮತ್ತೊಂದು ಇಟ್ಟ, ನಾನೂ ಇಟ್ಟೆ. ಹೀಗೆ ನಾಲ್ಕು ಹೆಜ್ಜೆಗಳಲ್ಲಿ ಆ ಬಡಪಾಯಿ ಮಾಡಿನಿಂದ ಹೊರಬಿದ್ದು ಹಿಮದಲ್ಲಿ ನಿಂತಿದ್ದ. ನಾನು ಒಳಗೆ ಬೆಚ್ಚಗೆ, ಸಾಲಿನಲ್ಲಿ ಎರಡನೆಯವನಾಗಿ, ನಿಶ್ಚಿಂತೆಯಿಂದಿದ್ದೆ. ಅವನು ಬೈಯಲಿಲ್ಲ, ತಿರುಗಿಯೂ ನೋಡಲಿಲ್ಲ. ತಲೆಯ ಮೇಲಿನ ಹಿಮವನ್ನು ಮೆಲ್ಲಗೆ ಕೊಡವಿಕೊಂಡ, ಅಷ್ಟೆ. ಆ ಕೊಡವಿದ ರೀತಿ ನನಗೆ ಇಂದಿಗೂ ಮುಜುಗರ ತರುತ್ತದೆ.

ಅದೇ ಜನ ಸೌನಾದಲ್ಲಿ ಬೇರೆಯೇ ಆಗಿಬಿಡುತ್ತಾರೆ. ಸುಮಾರು 55 ಲಕ್ಷ ಜನರಿರುವ ಆ ದೇಶದಲ್ಲಿ ಬಿಸಿ ಹಬೆಯ ಈ ಕೋಣೆಗಳು 30 ಲಕ್ಷದಷ್ಟಿವೆ ಎಂಬ ಅಂದಾಜಿದೆ. ಬಸ್ ತಂಗುದಾಣದಲ್ಲಿ ಆರಡಿ ದೂರ ನಿಲ್ಲುವವರು ಅಲ್ಲಿ ಮೈಮೇಲೆ ಒಂದು ನೂಲೂ ಇಲ್ಲದೆ, ಒಂದೇ ಹಲಗೆಯ ಮೇಲೆ ಸಾಲಾಗಿ ಕುಳಿತು ಬೆವರುತ್ತಾರೆ. ಒಮ್ಮೆ ನನ್ನನ್ನೂ ಕರೆದೊಯ್ದರು. ಟವೆಲನ್ನು ಬಿಗಿಯಾಗಿ ಹಿಡಿದು ಹಲಗೆಯ ತುತ್ತತುದಿಯಲ್ಲಿ ಕುಳಿತಿದ್ದ ನನ್ನನ್ನು ಕಂಡು, ನಮ್ಮವರಿಗೆ ಅಂತರದ ಅರಿವಿಲ್ಲವೆಂದು ಯಾರೂ ಹೇಳುತ್ತಿರಲಿಲ್ಲ.

ಈ ಅಂತರಕ್ಕೆ ಶಾಸ್ತ್ರವೂ ಇದೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ 1966ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮನುಷ್ಯನ ಸುತ್ತ ನಾಲ್ಕು ವೃತ್ತಗಳನ್ನು ಎಳೆದ: ಒಂದೂವರೆ ಅಡಿಯೊಳಗೆ ಅತ್ಯಂತ ಆಪ್ತರು, ನಾಲ್ಕು ಅಡಿಯವರೆಗೆ ಗೆಳೆಯರು, ಹನ್ನೆರಡು ಅಡಿಯವರೆಗೆ ವ್ಯವಹಾರದವರು, ಅದರಾಚೆ ಸಾರ್ವಜನಿಕರು. ತಾನು ಗಮನಿಸಿದ್ದು ಅಮೆರಿಕನ್ನರನ್ನೆಂದೂ, ಈ ಅಳತೆ ಎಲ್ಲ ಸಮಾಜಗಳಿಗೂ ಹೊಂದದೆಂದೂ ಅವನೇ ಎಚ್ಚರಿಸಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಉಡುಪಿಯ ಎಕ್ಸ್‌ಪ್ರೆಸ್ಸಿನಲ್ಲಿ ನನಗೆ ಏಕಕಾಲಕ್ಕೆ ಏಳು ಮಂದಿ ಅತ್ಯಂತ ಆಪ್ತರು, ಜೊತೆಗೆ ಒಂದು ಕಿಲೋ ಬಂಗುಡೆ. ಇನ್ನು 2017ರಲ್ಲಿ ಪ್ರಕಟವಾದ, 42 ದೇಶಗಳ ಸುಮಾರು ಒಂಬತ್ತು ಸಾವಿರ ಜನರನ್ನು ಕೇಳಿ ಮಾಡಿದ ಅಧ್ಯಯನವೊಂದರಲ್ಲಿ, ಅಪರಿಚಿತರನ್ನು ಅತಿ ದೂರ ಇಟ್ಟವರು ರೊಮೇನಿಯಾದವರು, ಅತಿ ಹತ್ತಿರ ಬಿಟ್ಟುಕೊಂಡವರು ಅರ್ಜೆಂಟೀನಾದವರು. ಸೆಕೆಯ ನಾಡಿನವರು ಅಪರಿಚಿತರಿಗೆ ಹೆಚ್ಚು ಹತ್ತಿರ ನಿಲ್ಲಬಯಸುತ್ತಾರೆ ಎಂಬುದೂ ಅದರಲ್ಲಿ ಕಂಡುಬಂತಂತೆ. ಮೇ ತಿಂಗಳ ಮಧ್ಯಾಹ್ನ ಹಂಪನಕಟ್ಟೆಯಲ್ಲಿ ಸಿಟಿ ಬಸ್ಸು ಹತ್ತುವ ಯಾರಿಗೂ ಇದು ಬಯಕೆಯ ಮಾತೆಂದು ತೋರಲಾರದು.

ಉಡುಪಿಯ ಕೃಷ್ಣಮಠದಲ್ಲಿ ಆದದ್ದು ಇನ್ನೊಂದು ಕಥೆ. ಗಂಡಸರು ಅಂಗಿ ತೆಗೆದು ಒಳಹೋಗಬೇಕಾದ್ದರಿಂದ, ದರ್ಶನದ ಸಾಲಿನಲ್ಲಿ ಬೆವರಿದ ಬೆನ್ನೂ ಬೆವರಿದ ಎದೆಯೂ ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ. ಸೌನಾ ನೆನಪಾಯಿತು, ಆದರೆ ಹೆಲ್ಸಿಂಕಿಯ ಅಭ್ಯಾಸ ಬಿಡದೆ ನಾನು ಮುಂದಿನವರಿಂದ ಎರಡಡಿ ಬಿಟ್ಟು ನಿಂತೆ. ನಮ್ಮಲ್ಲಿ ಸಾಲಿನೊಳಗೆ ಬಿಟ್ಟ ಜಾಗವೆಂದರೆ ಅದು ಸೌಜನ್ಯವಲ್ಲ, ಆಹ್ವಾನ. ಮೊದಲು ಒಂದು ಮಗು ಬಂತು, ಮಗುವಿನ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಇಡೀ ಸಂಸಾರ. ಕೊನೆಗೆ ನನ್ನ ಹಿಂದಿದ್ದವರು ಬಹಳ ಗೌರವದಿಂದಲೇ ಕೇಳಿದರು: "ನೀವು ಸಾಲಿನಲ್ಲಿ ಇದ್ದದ್ದಾ, ಅಲ್ಲ ಸುಮ್ಮನೆ ನಿಂತದ್ದಾ?" ನವಗ್ರಹ ಕಿಂಡಿಯ ಒಂಬತ್ತು ರಂಧ್ರಗಳ ಮುಂದೆ ಬರುವಾಗ ನನ್ನ ಪಾಲಿಗೆ ದೊರೆತದ್ದು ಮೂರು ಸೆಕೆಂಡು, ಅದರಲ್ಲಿಯೂ ಅರ್ಧಕ್ಕೆ ಯಾರದೋ ಜುಟ್ಟು ಅಡ್ಡವಿತ್ತು. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ನಡೆಯುವ ಪರ್ಯಾಯದ ಮೆರವಣಿಗೆಯ ಮಾತನ್ನು ಎತ್ತುವುದೇ ಬೇಡ; ಅಲ್ಲಿ ರಥಬೀದಿಯವರೆಗೆ ನಡೆದೆನೆಂದು ಹೇಳುವವರು ನಿಜವಾಗಿ ತೇಲಿಕೊಂಡು ಬಂದವರು.

ಮದುವೆಯ ಹಾಲ್‌ಗಳಲ್ಲಿ ಈ ನಿಕಟತೆಗೆ ಒಂದು ಉದ್ದೇಶವೂ ಇರುತ್ತದೆ. ನೀವು ಉಣ್ಣುತ್ತಿರುವಾಗ ನಿಮ್ಮ ಕುರ್ಚಿಯ ಬೆನ್ನಿನ ಮೇಲೆ ಎರಡು ಕೈಗಳು ಬಂದು ನೆಲೆಸುತ್ತವೆ. ಅವು ಮುಂದಿನ ಪಂಕ್ತಿಯವರ ಕೈಗಳು. ಅವರು ನಿಮ್ಮ ತಲೆಯ ಮೇಲಿಂದ ನಿಮ್ಮ ಬಾಳೆಲೆಯನ್ನೇ ನೋಡುತ್ತಿರುತ್ತಾರೆ. ಹೋಳಿಗೆಯನ್ನು ನೀವು ಎರಡನೆಯ ಸಲ ಹಾಕಿಸಿಕೊಂಡರೆ ಅವರ ನಿಟ್ಟುಸಿರು ನಿಮ್ಮ ನೆತ್ತಿಗೆ ತಾಗುತ್ತದೆ. ಒಬ್ಬರಂತೂ ಬಗ್ಗಿ, "ನಿಮ್ಮದು ಮಜ್ಜಿಗೆ ಆಯ್ತಾ?" ಎಂದು ನನ್ನ ಕಿವಿಯಲ್ಲಿಯೇ ವಿಚಾರಿಸಿದ್ದರು.

ಇಷ್ಟೆಲ್ಲ ಇದ್ದರೂ ನಮ್ಮಲ್ಲಿ ಗೆರೆಗಳೇ ಇಲ್ಲವೆನ್ನಲಾರೆ. ಇಡೀ ದೇಹದ ಭಾರವನ್ನು ನನ್ನ ಭುಜಕ್ಕೆ ಒರಗಿಸಿದವರೇ, ಕಾಲಿನ ತುದಿ ನನ್ನ ಚಪ್ಪಲಿಗೆ ಸೋಕಿದರೆ ತಟ್ಟನೆ ಕೈಯನ್ನು ನನ್ನತ್ತ ಚಾಚಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಭುಜ ಸಾರ್ವಜನಿಕ ಆಸ್ತಿ, ಪಾದದ ವಿಷಯ ಹಾಗಲ್ಲ. ಇನ್ನು, ಇಷ್ಟೂ ಹಾಸ್ಯ ಗಂಡಸರ ಹಾಸ್ಯ ಎಂಬುದನ್ನು ಒಪ್ಪಬೇಕು. ನನ್ನ ತಂಗಿ ಬ್ಯಾಗಿನಲ್ಲಿ ಸೇಫ್ಟಿ ಪಿನ್ನು ಇಟ್ಟುಕೊಂಡೇ ಬಸ್ಸಿನಲ್ಲಿ ಓಡಾಡಿ ಕಾಲೇಜು ಮುಗಿಸಿದವಳು. ನೂಕುನುಗ್ಗಲಿನ ನನ್ನ ತಮಾಷೆಗಳಿಗೆ ಅವಳು ನಕ್ಕದ್ದನ್ನು ನಾನು ಕಂಡಿಲ್ಲ.

ಕಳೆದ ತಿಂಗಳು ಒಂದು ಮಧ್ಯಾಹ್ನ, ಪಡುಬಿದ್ರಿಗೆ ಹೋಗಲು ಹತ್ತಿದ ಬಸ್ಸು ಹೆಚ್ಚುಕಡಿಮೆ ಖಾಲಿಯಿತ್ತು. ಕಿಟಕಿಯ ಬದಿ ಕುಳಿತು, ಪಕ್ಕದ ಸೀಟಿನಲ್ಲಿ ಚೀಲವಿಟ್ಟು, ಎರಡು ವರ್ಷಗಳ ಫಿನ್ಲೆಂಡನ್ನು ಮನಸಾರೆ ನೆನೆದೆ. ಕೊಟ್ಟಾರದಲ್ಲಿ ಒಬ್ಬರು ಹತ್ತಿದರು. ಮೂವತ್ತಕ್ಕೂ ಹೆಚ್ಚು ಖಾಲಿ ಸೀಟುಗಳನ್ನು ಒಂದೊಂದಾಗಿ ಪರಿಶೀಲಿಸುತ್ತ ಬಂದು, ನನ್ನ ಚೀಲವನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, ಪಕ್ಕದಲ್ಲಿ ಕುಳಿತರು. ನನ್ನ ಮುಖದಲ್ಲಿ ಏನು ಕಂಡಿತೋ, "ಒಬ್ಬರೇ ಕೂತಿದ್ದೀರಲ್ಲ, ಬೇಜಾರು ಅಂತ ಬಂದೆ" ಎಂದರು. ಪಣಂಬೂರು ದಾಟುವುದರೊಳಗೆ ನಾನು ಎಲ್ಲಿ ಇಳಿಯುವುದು, ಯಾರ ಮನೆಗೆ, ಆ ಮನೆಯವರ ಹಿರಿಯ ಮಗನ ಕೆಲಸ ಖಾಯಂ ಆಯಿತೇ ಎಂಬಷ್ಟನ್ನೂ ತಿಳಿದುಕೊಂಡು, ಮುಕ್ಕದಲ್ಲಿ ಆಕಳಿಸಿ, ಹಳೆಯಂಗಡಿಯಲ್ಲಿ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಮೂಲ್ಕಿಯಲ್ಲಿ ಸಣ್ಣಗೆ ಗೊರಕೆ ಆರಂಭವಾಯಿತು. ಪಡುಬಿದ್ರಿ ಬಂದಾಗ ನಾನು ಭುಜವನ್ನು ಅರ್ಧ ಇಂಚು ಸರಿಸಿದೆ. ಅವರು ನಿದ್ದೆಯಲ್ಲಿಯೇ ಇನ್ನಷ್ಟು ಆತುಕೊಂಡರು. ಎಬ್ಬಿಸಲು ಮನಸ್ಸಾಗಲಿಲ್ಲ. ಕಾಪುವಿನಲ್ಲಿ ಬಸ್ಸು ಬ್ರೇಕು ಹಾಕಿದಾಗ ಅವರೇ ಎಚ್ಚೆತ್ತು, ಹೊರಗೆ ನೋಡಿ, ನನ್ನತ್ತ ತಿರುಗಿ ಗದರಿದರು:

"ನಿಮ್ಮದು ಪಡುಬಿದ್ರಿ ಅಲ್ವಾ? ಎಬ್ಬಿಸುವುದಲ್ವಾ ಮಾರಾಯ್ರೆ!"