ಕೆರೆ ನೀರಿಗೆ ಮೂರನೇ ಹಂತದ ಶುದ್ಧೀಕರಣ

ನಂದಿ ಬೆಟ್ಟದಲ್ಲಿ ಬೆಳಗಿನ ಜಾವ ಆಕಾಶ ಯಾವ ಬಣ್ಣ ಇರುತ್ತದೆ? ಎಷ್ಟೋ ಸಲ ಮಂಜಿನ ಬಣ್ಣ, ಅಂದ್ರೆ ಪಕ್ಕದವರ ಮಂಕಿ ಕ್ಯಾಪ್ ಬಿಟ್ಟು ಏನೂ ಕಾಣುವುದಿಲ್ಲ. ಆದರೆ ಊರವರ ವಾಟ್ಸಾಪ್ ಸ್ಟೇಟಸ್ಸಿನಲ್ಲಿರೋ ನಂದಿ ಬೆಟ್ಟವೇ ಬೇರೆ. ಮೇಲೆ ನೇರಳೆ, ಮಧ್ಯೆ ಕಿತ್ತಳೆ, ಕೆಳಗೆ ಗಿಣಿಹಸಿರು, ಬಂಡೆ ಮಾತ್ರ ಮೈಸೂರು ಪಾಕಿನ ಹಾಗೆ ತೂತು ತೂತು. ಕೇಳಿದರೆ "ಎಚ್‌ಡಿಆರ್ ಸಾರ್, ಆರ್ಟು" ಅನ್ನುತ್ತಾರೆ.

ಎಚ್‌ಡಿಆರ್ ಪಾಪದ್ದು. ಬಿಸಿಲನ್ನೂ ಕತ್ತಲನ್ನೂ ಒಂದೇ ಏಟಿಗೆ ಹಿಡಿಯೋದು ಕ್ಯಾಮೆರಾಗೆ ಕಷ್ಟ. ಅದಕ್ಕೇ ಒಂದೇ ದೃಶ್ಯವನ್ನು ಕಪ್ಪಗೊಂದು, ಹದವಾಗೊಂದು, ಬೆಳ್ಳಗೊಂದು ತೆಗೆದು ಸೇರಿಸುತ್ತಾರೆ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಆಕಾಶಕ್ಕೊಂದು ನೆಗೆಟಿವ್, ಸಮುದ್ರಕ್ಕೊಂದು ನೆಗೆಟಿವ್ ಇಟ್ಟು ಒಂದೇ ಚಿತ್ರ ಮಾಡಿದ್ದ. ಒಂದೇ ಆಕಾಶವನ್ನು ಬೇರೆ ಬೇರೆ ಸಮುದ್ರದ ಮೇಲೂ ಕೂರಿಸಿದ್ದ, ಹಾಗಾಗಿ ಅವನೂ ಪೂರಾ ಸಾಚಾ ಅಲ್ಲ ಬಿಡಿ. ಆದರೂ ನೋಡಿದವರಿಗೆ ಕಣ್ಣು ಉರಿಯಲಿಲ್ಲ.

ನಮ್ಮ ಕಲಾವಿದರು ಬೆಟ್ಟದ ಬುಡದ ದೇವಸ್ಥಾನದಲ್ಲಿರೋ ಭೋಗನಂದೀಶ್ವರನನ್ನೂ ಬಿಟ್ಟಿಲ್ಲ. ಶತಮಾನಗಳಿಂದ ಅರೆಗತ್ತಲಲ್ಲಿ ಆರಾಮಾಗಿದ್ದ ಕೆತ್ತನೆ ಕಂಬಗಳಿಗೆಲ್ಲ ಒಂದೊಂದು ಟ್ಯೂಬ್‌ಲೈಟ್ ಕಟ್ಟಿದಂತಾಗಿದೆ. ಸುಮ್ನೆ ಪ್ರದಕ್ಷಿಣೆ ಹಾಕುತ್ತಿದ್ದ ಅಜ್ಜಿಯೊಬ್ಬರು ಮೂರು ಫ್ರೇಮಿನಲ್ಲಿ ಮೂರು ಕಡೆ ಸಿಕ್ಕಿ, ಕಾಲೇ ಇಲ್ಲದ ಮೂರು ಅಜ್ಜಿಯರಾಗಿದ್ದಾರೆ. ರಾತ್ರಿ ಹೊತ್ತು ಮಕ್ಕಳಿಗೆ ತೋರಿಸಬೇಡಿ.

ನಿಜವಾದ ಕಲೆ ಇರೋದು ಕೆರೆಯಲ್ಲಿ. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಯ ಪೈಪಿನಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬಿಡುತ್ತಾರೆ. ಮೂರನೇ ಹಂತವೂ ಬೇಕು ಅಂತ ರೈತರು ಕೂಗಿ ಕೂಗಿ ಗಂಟಲು ಒಣಗಿಸಿಕೊಂಡರು. ಆ ಮೂರನೇ ಹಂತವನ್ನು ಈಗ ಫೋಟೋಗ್ರಾಫರ್ ತಮ್ಮಂದಿರು ಸಾಫ್ಟ್‌ವೇರಿನಲ್ಲೇ ಮುಗಿಸುತ್ತಿದ್ದಾರೆ. ಸ್ಲೈಡರ್ ಎಳೆದರೆ ಸಾಕು, ನೀರು ಮಾಲ್ಡೀವ್ಸ್ ನೀಲಿ! ಇನ್ನೂ ಸ್ವಲ್ಪ ಎಳೆದರೆ ಜಾಲಿ ಮುಳ್ಳಿನ ಪೊದೆಯೂ ಕಾಶ್ಮೀರ. ಟೆಂಡರ್ ಇಲ್ಲ, ಕಮಿಷನ್ ಇಲ್ಲ, ಅಲ್ವಾ?

ಇನ್ನು ಟೋನ್ ಮ್ಯಾಪಿಂಗ್, ಅಂದ್ರೆ ಸೇರಿಸಿದ ಚಿತ್ರದ ಬೆಳಕು-ಕತ್ತಲನ್ನು ಪರದೆಗೆ ಹೊಂದಿಸೋ ಕೆಲಸ, ಜಾಸ್ತಿಯಾದರೆ, ಬೆಳಕಿನ ಆಕಾಶದೆದುರು ನಿಂತ ಕಪ್ಪು ವಸ್ತುವಿನ ಸುತ್ತ ಬೆಳ್ಳನೆ ಅಂಚು ಮೂಡುತ್ತದೆ. ಕಲಿತವರು ಇದನ್ನು ದೋಷ ಅನ್ನುತ್ತಾರೆ. ನಮ್ಮ ಸರ್ಕಲ್ಲಿನ ಫ್ಲೆಕ್ಸಿಗೆ ಬೇಕಾಗಿರೋದೇ ಅದು. ಗುದ್ದಲಿ ಪೂಜೆಯ ಫೋಟೋದಲ್ಲಿ ನಾಯಕರ ತಲೆ ಸುತ್ತ ಎಂಥಾ ಪ್ರಭಾವಳಿ ಅಂತೀರಿ! ತೊಂದರೆ ಒಂದೇ. ಹಿಂದೆ ನಿಂತ ಜೆಸಿಬಿಗೂ ಅಷ್ಟೇ ದೊಡ್ಡದು ಬಂದಿದೆ.

"ಅಣ್ಣನ ಪ್ರಭಾವಳಿ ಇನ್ನೊಂದು ಸ್ವಲ್ಪ ಎಳೀರಿ, ಜೆಸಿಬಿದು ಇಳಿಸಿ" ಅಂತ ಕಾರ್ಯಕರ್ತರು ಫ್ಲೆಕ್ಸ್ ಅಂಗಡಿಯಲ್ಲಿ ಕೂತಿದ್ದಾರೆ. ರಸ್ತೆ ಕೆಲಸ ಇನ್ನೂ ಶುರುವಾಗಿಲ್ಲ.