ಸಹಿ ಹಾಕಿಸಿಕೊಂಡು ಬಾ

ವೈದ್ಯಕೀಯ ಕಾಲೇಜಿನ ನೀತಿ ಮತ್ತು ಕಾನೂನಿನ ತರಗತಿಯನ್ನು ನಾವೆಲ್ಲ ನಿದ್ದೆಯ ತರಗತಿ ಎಂದೇ ಕರೆಯುತ್ತಿದ್ದೆವು. ಅಂಗರಚನೆಗೆ, ಔಷಧಶಾಸ್ತ್ರಕ್ಕೆ ವಾರಗಟ್ಟಲೆ ನಿದ್ದೆಗೆಟ್ಟವರು ಇದಕ್ಕೆ ಪರೀಕ್ಷೆಯ ಹಿಂದಿನ ಸಂಜೆ ಎರಡು ಗಂಟೆ ಕೊಟ್ಟರೆ ಅದೇ ಹೆಚ್ಚು. ನಾನೂ ಅವರಲ್ಲೊಬ್ಬಳು. ಸ್ವಾಯತ್ತತೆ, ಒಳಿತು ಮಾಡುವುದು, ಕೆಡುಕು ಮಾಡದಿರುವುದು, ನ್ಯಾಯ: ಇಬ್ಬರು ಅಮೆರಿಕನ್ ಚಿಂತಕರು 1979ರಲ್ಲಿ ಒಂದೆಡೆ ತಂದ ಈ ನಾಲ್ಕು ತತ್ವಗಳನ್ನು ಮಗ್ಗಿಯಂತೆ ಉರು ಹೊಡೆದಿದ್ದೆ. ‘ಒಪ್ಪಿಗೆ ಎಂದರೇನು? ಅದರ ಅಂಶಗಳನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆಗೆ ಒಂದೂವರೆ ಪುಟ ಬರೆದು ಎಂಟೂವರೆ ಅಂಕ ಗಿಟ್ಟಿಸಿದ್ದೆ.

ಅದಾಗಿ ಮೂರು ವಾರಕ್ಕೆ ವಾರ್ಡಿನಲ್ಲಿ ರಾತ್ರಿ ಪಾಳಿ. ಗಂಟೆ ಹನ್ನೊಂದು ದಾಟಿತ್ತು. ಸೀನಿಯರ್ ಒಬ್ಬರು ನನ್ನ ಕೈಗೆ ಒಂದು ಫಾರ್ಮ್ ತುರುಕಿ, “ಸಹಿ ಹಾಕಿಸಿಕೊಂಡು ಬಾ” ಎಂದರು. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಹುಣ್ಣಾಗಿದ್ದ ಒಬ್ಬ ವೃದ್ಧರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆದರೂ ಇದನ್ನು ಇಲ್ಲಿ ಬರೆಯಬಹುದೇ ಎಂದು ಬಹಳ ದಿನ ಯೋಚಿಸಿದೆ. ವಾರ್ಡಿನ ಕಥೆಗಳನ್ನು ಲೈಕಿಗಾಗಿ ಮಾರುವವರನ್ನು ಕಂಡರೆ ನನಗಾಗದು. ಇದರಲ್ಲಿ ತಪ್ಪಿತಸ್ಥಳು ನಾನೇ ಆದ್ದರಿಂದ ಬರೆಯುತ್ತಿದ್ದೇನೆ.) ಶಸ್ತ್ರಚಿಕಿತ್ಸೆಯ ಹೆಸರು ಬರೆಯುವ ಜಾಗದಲ್ಲಿ ಡಿಬ್ರೈಡ್‌ಮೆಂಟ್ ಎಂದು ಗೀಚಿತ್ತು. ಅದರ ಕೆಳಗೆ, ಅಗತ್ಯವೆನಿಸಿದರೆ ಮುಂದಿನ ಯಾವುದೇ ಕ್ರಮಕ್ಕೂ ನನ್ನ ಒಪ್ಪಿಗೆ ಇದೆ ಎಂಬ ಅಚ್ಚಾದ ಸಾಲು.

“ಏನು ಮಾಡುತ್ತೀರಮ್ಮಾ?” ಎಂದು ಕೇಳಿದರು.

“ಗಾಯವನ್ನು ಸ್ವಚ್ಛ ಮಾಡುತ್ತಾರೆ ಅಜ್ಜಾ” ಎಂದೆ.

ಅದು ಸುಳ್ಳಲ್ಲ. ಸತ್ತ ಅಂಗಾಂಶವನ್ನು ತೆಗೆದು ಸ್ವಚ್ಛ ಮಾಡುವುದಕ್ಕೇ ಆ ಹೆಸರು. ಅವರು ಹೆಬ್ಬೆಟ್ಟು ಚಾಚಿದರು. ನಾನೇ ಹಿಡಿದು ಶಾಯಿಗೆ ಒತ್ತಿ ಕಾಗದಕ್ಕೆ ಒತ್ತಿದೆ. ಬೆರಳಿನ ಶಾಯಿ ಹೊದಿಕೆಯ ಅಂಚಿಗೆ ತಗುಲಿದಾಗ, ಬಿಳಿ ಬಟ್ಟೆ ಹಾಳಾಯಿತೆಂದು ಅವರೇ ನನ್ನ ಕ್ಷಮೆ ಕೇಳಿದರು. ಎಲ್ಲ ಸೇರಿ ನಾಲ್ಕು ನಿಮಿಷವೂ ಆಗಿರಲಿಕ್ಕಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಎರಡು ಕಾಲ್ಬೆರಳುಗಳನ್ನು ತೆಗೆಯಬೇಕಾಯಿತು. ವೈದ್ಯಕೀಯವಾಗಿ ಅದರಲ್ಲಿ ತಪ್ಪಿರಲಿಲ್ಲ, ಬಿಟ್ಟಿದ್ದರೆ ಕಾಲಿಗೇ ಸಂಚಕಾರ ಬರುತ್ತಿತ್ತು. ಮೂರನೆಯ ದಿನ ಬ್ಯಾಂಡೇಜ್ ಬಿಚ್ಚುವಾಗ ನಾನು ಪಕ್ಕದಲ್ಲಿದ್ದೆ. ಅವರು ತಮ್ಮ ಪಾದವನ್ನು ನೋಡಿಕೊಂಡರು. ಕೂಗಾಡಲಿಲ್ಲ. ನನ್ನತ್ತ ತಿರುಗಿ, “ಅವನ್ನು ಎಲ್ಲಿ ಇಟ್ಟಿದ್ದೀರಿ?” ಎಂದರು.

ನನ್ನ ಒಂದೂವರೆ ಪುಟದಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ.

ಆ ವಾರ ಕುಳಿತು, ಪಠ್ಯದಲ್ಲಿ ಒಂದೊಂದು ಸಾಲಿಗೆ ಇಳಿಸಿಬಿಟ್ಟಿದ್ದ ತೀರ್ಪುಗಳನ್ನು ಪೂರ್ತಿಯಾಗಿ ಓದಿದೆ. ಮೊದಲನೆಯದು ನ್ಯೂಯಾರ್ಕಿನ 1914ರ ಶ್ಲೋಂಡಾರ್ಫ್ ಪ್ರಕರಣ. ಪ್ರಾಪ್ತ ವಯಸ್ಸಿನ, ಸ್ವಸ್ಥ ಮನಸ್ಸಿನ ಪ್ರತಿಯೊಬ್ಬರಿಗೂ ತಮ್ಮ ದೇಹಕ್ಕೆ ಏನಾಗಬೇಕೆಂದು ನಿರ್ಧರಿಸುವ ಹಕ್ಕಿದೆ ಎಂಬ ನ್ಯಾಯಮೂರ್ತಿ ಕಾರ್ಡೋಜೋ ಅವರ ಮಾತನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದವರೇ. ಮೇರಿ ಶ್ಲೋಂಡಾರ್ಫ್ ಯಾರು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು, ಈಥರ್ ಎಂಬ ಅರಿವಳಿಕೆ ಕೊಟ್ಟು ಪರೀಕ್ಷಿಸುವುದಕ್ಕಷ್ಟೇ ಆಕೆ ಒಪ್ಪಿದ್ದರು. ಶಸ್ತ್ರಚಿಕಿತ್ಸೆ ಬೇಡವೆಂದು ಸ್ಪಷ್ಟವಾಗಿ ಹೇಳಿದ್ದರು. ಎಚ್ಚರವಾಗುವಷ್ಟರಲ್ಲಿ ಗಡ್ಡೆಯನ್ನು ತೆಗೆದಾಗಿತ್ತು. ಆಮೇಲೆ ಕೈಗೆ ಗ್ಯಾಂಗ್ರೀನ್ (ಅಂಗಾಂಶದ ಕೊಳೆತ) ಆಗಿ ಬೆರಳುಗಳನ್ನೂ ಕಳೆದುಕೊಂಡರು. ಇಷ್ಟಾಗಿಯೂ ಅವರು ಮೊಕದ್ದಮೆ ಸೋತರು. ಅವರು ದಾವೆ ಹೂಡಿದ್ದು ಆಸ್ಪತ್ರೆಯ ಮೇಲೆ. ದತ್ತಿ ಆಸ್ಪತ್ರೆಯೊಂದು ತನ್ನಲ್ಲಿ ಚಿಕಿತ್ಸೆ ನೀಡುವ ವೈದ್ಯರ ತಪ್ಪಿಗೆ ಹೊಣೆಯಲ್ಲ ಎಂದಿತು ನ್ಯಾಯಾಲಯ. ಜಗತ್ತಿನ ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುವ ಆ ವಾಕ್ಯ, ಅದನ್ನು ಹೇಳಿಸಿದ ಹೆಣ್ಣುಮಗಳಿಗೆ ಮೂರು ಕಾಸಿನ ಉಪಯೋಗಕ್ಕೂ ಬರಲಿಲ್ಲ.

ಆ ತೀರ್ಪಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ವಿವರ. ಹಿಂದಿನ ರಾತ್ರಿ ಸಿದ್ಧತೆಗೆ ಬಂದ ರಾತ್ರಿ ಪಾಳಿಯ ನರ್ಸ್‌ಗೆ ಆಕೆ, ತನಗೆ ಶಸ್ತ್ರಚಿಕಿತ್ಸೆ ಇಲ್ಲ, ಬರಿಯ ಪರೀಕ್ಷೆ ಎಂದು ಹೇಳಿದ್ದರು. ನರ್ಸ್ ಹಾಗೆಯೇ ತಿಳಿದುಕೊಂಡಂತೆ ಮಾತಾಡಿದ್ದಳು. ಆ ನರ್ಸ್‌ನ ಹೆಸರು ನನಗೆ ಗೊತ್ತಿಲ್ಲ, ಆದರೆ ಆಕೆಯನ್ನು ನಾನು ಚೆನ್ನಾಗಿ ಬಲ್ಲೆ.

ಎರಡನೆಯದು ಭಾರತದ ಸುಪ್ರೀಂ ಕೋರ್ಟಿನ 2008ರ ಸಮೀರಾ ಕೋಹ್ಲಿ ಪ್ರಕರಣ. ನಡುವೆ 94 ವರ್ಷಗಳು. ಕಾಯಿಲೆ ಏನೆಂದು ತಿಳಿಯಲು, ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೋಸ್ಕೋಪಿಗೆಂದು ದಾಖಲಾದ 44 ವರ್ಷದ ಮಹಿಳೆ. ಅವರು ಅರಿವಳಿಕೆಯಲ್ಲಿರುವಾಗಲೇ ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಿದರು. ಪ್ರಾಣಕ್ಕೆ ಅಪಾಯವಿರಲಿಲ್ಲ. ಎಚ್ಚರವಾಗುವವರೆಗೆ ಕಾಯಬಹುದಿತ್ತು. ರೋಗಪತ್ತೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ಪ್ರಾಪ್ತ ವಯಸ್ಸಿನ ಮಗಳ ಪರವಾಗಿ ತಾಯಿ ಹೂಂ ಎಂದರೆ ಸಾಲದು ಎಂದಿತು ನ್ಯಾಯಾಲಯ.

ಈಗ ಗಮನಿಸಿ. ಈ ಪ್ರಕರಣದಲ್ಲಿ ಸಹಿ ಇತ್ತು. ಲ್ಯಾಪರೋಸ್ಕೋಪಿಯ ಜೊತೆಗೆ ಹೊಟ್ಟೆ ತೆರೆಯಬೇಕಾಗಬಹುದು ಎಂಬ ಸಾಲಿಗೂ ರೋಗಿಯ ಸಹಿ ಬಿದ್ದಿತ್ತು. ಆದರೂ ಅದು ವೈದ್ಯರನ್ನು ಕಾಯಲಿಲ್ಲ. ಚಿಕಿತ್ಸೆ ಎಂಥದ್ದು, ಏಕೆ, ಬೇರೆ ದಾರಿ ಇದೆಯೇ, ಮುಖ್ಯ ಅಪಾಯಗಳೇನು, ಬೇಡವೆಂದರೆ ಏನಾದೀತು: ಇಷ್ಟನ್ನು ರೋಗಿಗೆ ಹೇಳಿರಬೇಕು ಎಂದು ಕೋರ್ಟ್ ಪಟ್ಟಿಯನ್ನೇ ಕೊಟ್ಟಿತು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರ ಮಾಂಟ್ಗೊಮರಿ ಪ್ರಕರಣದಲ್ಲಿ ಇನ್ನೂ ಖಾರವಾಗಿ ಹೇಳಿತು. ಮಧುಮೇಹವಿದ್ದ ಗರ್ಭಿಣಿಗೆ, ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಸಾಧ್ಯತೆ ಶೇ 9ರಿಂದ 10ರಷ್ಟಿದೆ ಎಂಬುದನ್ನು ವೈದ್ಯರು ತಿಳಿಸಿರಲಿಲ್ಲ, ತಿಳಿಸಿದರೆ ಸಿಸೇರಿಯನ್ ಕೇಳುತ್ತಾರೆ ಎಂದು. ಭುಜ ಸಿಕ್ಕಿಕೊಂಡಿತು. ಮಗುವಿಗೆ ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಉಳಿಯಿತು. ರೋಗಿಯ ತಲೆಯ ಮೇಲೆ ತಾಂತ್ರಿಕ ಮಾಹಿತಿ ಸುರಿದರೆ ವೈದ್ಯರ ಕರ್ತವ್ಯ ಮುಗಿಯದು, ವಾಡಿಕೆಯಂತೆ ಸಹಿ ಹಾಕಿಸಿಕೊಂಡರಂತೂ ಮುಗಿಯಲೇ ಮುಗಿಯದು ಎಂಬುದು ಆ ತೀರ್ಪಿನ ಧಾಟಿ.

ನಮಗೆ ಕಲಿಸಿದ್ದು ಇದರ ತದ್ವಿರುದ್ಧ. ದಾಖಲೆಯಲ್ಲಿ ಇಲ್ಲದ್ದು ನಡೆದೇ ಇಲ್ಲ, ಸಹಿ ಇದ್ದರೆ ನೀವು ಬದುಕಿದಿರಿ: ಇವು ತರಗತಿಯಲ್ಲಿ ಮೊಳಗುತ್ತಿದ್ದ ಮಂತ್ರಗಳು. ಆ ಪಾಠದಲ್ಲಿ ರೋಗಿ ಎಂದರೆ ಮುಂದೊಂದು ದಿನ ನಮ್ಮ ಮೇಲೆ ಕೇಸು ಹಾಕಲಿರುವವನು. ಕಾನೂನು ಎಂದರೆ ಅವನಿಂದ ತಪ್ಪಿಸಿಕೊಳ್ಳುವ ಉಪಾಯ. ನೀತಿ ಎಂದರೆ ಅದರ ಮುಂದೆ ಹಾಡುವ ಪ್ರಾರ್ಥನೆ. ಹೆದರಿಕೆಯೂ ಅರ್ಧ ಪೊಳ್ಳೇ. ಚಿಕಿತ್ಸೆಯಲ್ಲಿನ ಸಾಧಾರಣ ತಪ್ಪು ಅಥವಾ ಲೆಕ್ಕಾಚಾರದ ಎಡವಟ್ಟು ಅಪರಾಧವಾಗದು, ತೀವ್ರ ನಿರ್ಲಕ್ಷ್ಯವಿದ್ದರೆ ಮಾತ್ರ ಕ್ರಿಮಿನಲ್ ಹೊಣೆ ಎಂದು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಅದನ್ನು ಹೇಳುವಾಗ ಉಪನ್ಯಾಸಕರ ದನಿ ಏಕೋ ಇಳಿಯುತ್ತದೆ. ಜೈಲಿನ ಕಥೆ ಹೇಳಿದರೆ ತರಗತಿ ಎಚ್ಚರವಾಗಿರುತ್ತದಲ್ಲ!

ಹಾಗಾದರೆ ಈ ವಿಷಯಕ್ಕೆ ಹೆಚ್ಚು ತಾಸು ಕೊಡಬೇಕೇ? ನಾನೂ ಹಾಗೆಂದೇ ವಾದಿಸಲು ಹೊರಟಿದ್ದೆ. ಆಗ ಎದುರಾದ ಒಂದು ಸಂಗತಿ ನನ್ನ ಉತ್ಸಾಹಕ್ಕೆ ತಣ್ಣೀರೆರಚಿತು. ನಾಜಿ ಜರ್ಮನಿಯ ವೈದ್ಯಕೀಯ ಶಾಲೆಗಳಲ್ಲಿ 1939ರಿಂದ ವೈದ್ಯಕೀಯ ಕಾನೂನು ಮತ್ತು ವೃತ್ತಿಧರ್ಮದ ಉಪನ್ಯಾಸಗಳು ಕಡ್ಡಾಯವಾಗಿದ್ದವು. ಹೌದು, ಕಡ್ಡಾಯ. ಎದುರಿಗೆ ಮಲಗಿರುವ ರೋಗಿಗಿಂತ ಜನಾಂಗದ ಆರೋಗ್ಯ ದೊಡ್ಡದು ಎಂಬುದು ಅಲ್ಲಿನ ನೀತಿಪಾಠ. ಮನುಷ್ಯರ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಬೇಕೆನ್ನುವ ಸರ್ಕಾರಿ ಮಾರ್ಗಸೂಚಿ ಆ ದೇಶದಲ್ಲಿ 1931ರಲ್ಲೇ ಹೊರಬಿದ್ದಿತ್ತು. ಮುಂದೆ, ಸೆರೆಯಾಳುಗಳ ಮೇಲೆ ನಡೆಸಿದ ಕ್ರೂರ ಪ್ರಯೋಗಗಳಿಗಾಗಿ ನ್ಯೂರೆಂಬರ್ಗ್‌ನಲ್ಲಿ ನಡೆದ ವೈದ್ಯರ ವಿಚಾರಣೆಯಲ್ಲಿ ಕಟಕಟೆ ಹತ್ತಿದ 23 ಮಂದಿಯಲ್ಲಿ 20 ಮಂದಿ ವೈದ್ಯರೇ. ಪಠ್ಯಕ್ರಮವೂ ಇತ್ತು, ನಿಯಮವೂ ಇತ್ತು. ಹಾಜರಿ ಪುಸ್ತಕವೂ ಇದ್ದಿರಬೇಕು.

ಅವರು ರಾಕ್ಷಸರು, ನಾವು ಒಳ್ಳೆಯವರು ಎಂದುಕೊಳ್ಳುವುದು ಸುಲಭ. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯ ಪ್ರಯೋಗ ಆ ಸಮಾಧಾನವನ್ನೂ ಕಿತ್ತುಕೊಳ್ಳುತ್ತದೆ. 1932ರಿಂದ 1972ರವರೆಗೆ, 40 ವರ್ಷ, ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಕಪ್ಪುವರ್ಣೀಯ ಗಂಡಸರಿಗೆ ಚಿಕಿತ್ಸೆ ಕೊಡದೆ ಕಾಯಿಲೆ ಎಲ್ಲಿಗೆ ಮುಟ್ಟುತ್ತದೆಂದು ನೋಡುತ್ತ ಕುಳಿತರು. ಪೆನಿಸಿಲಿನ್ ಕೈಗೆಟುಕಿದ ಮೇಲೂ ಕೊಡಲಿಲ್ಲ. ಆ ಗಂಡಸರಿಗೂ ವೈದ್ಯರಿಗೂ ನಡುವೆ ಕೊಂಡಿಯಾಗಿದ್ದವರು ಯೂನಿಸ್ ರಿವರ್ಸ್ ಎಂಬ ಕಪ್ಪುವರ್ಣೀಯ ನರ್ಸ್. ಆ ಗಂಡಸರನ್ನು ತಮ್ಮ ಕಾರಿನಲ್ಲಿ ಪರೀಕ್ಷೆಗೆ ಕರೆತರುತ್ತಿದ್ದರು, ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದರು. ಎಲ್ಲರಿಗೂ ಬೇಕಾದವರು. ಸತ್ತವರ ಮನೆಯವರಿಂದ ಶವಪರೀಕ್ಷೆಗೆ ಒಪ್ಪಿಗೆ ಪಡೆಯುವ ಕೆಲಸವೂ ಅವರದೇ. ಆ ಒಪ್ಪಿಗೆಗೆ ಪ್ರತಿಯಾಗಿ ಅಂತ್ಯಕ್ರಿಯೆಯ ಖರ್ಚು ಸಿಗುತ್ತಿತ್ತು. ಅವರಿಗೆ ರೋಗಿಗಳ ಮೇಲಿದ್ದ ಮಮತೆ ನಾಟಕವೆಂದು ನನಗೆ ಅನ್ನಿಸುವುದಿಲ್ಲ. ಅದಕ್ಕೇ ಅವರ ಕಥೆ ನನ್ನನ್ನು ಹೆಚ್ಚು ಹೆದರಿಸುತ್ತದೆ. ಮೇಲಿನವರು ಹೇಳಿದ್ದನ್ನು ಪ್ರೀತಿಯಿಂದ ಮಾಡಿಮುಗಿಸುವವರು ಎಲ್ಲ ವಾರ್ಡುಗಳಲ್ಲೂ ಇರುತ್ತಾರೆ. ಹೆಚ್ಚಾಗಿ ಅವರು ವಿದ್ಯಾರ್ಥಿಗಳು ಮತ್ತು ನರ್ಸ್‌ಗಳು.

ನಮ್ಮ ಪಠ್ಯ ಎಡವುವುದು ಇಲ್ಲಿಯೇ. ಅದರಲ್ಲಿ ಬರುವ ಉದಾಹರಣೆಗಳೆಲ್ಲ ದೊಡ್ಡ ವೈದ್ಯರ ದೊಡ್ಡ ನಿರ್ಧಾರಗಳು: ಒಂದೇ ವೆಂಟಿಲೇಟರ್, ಇಬ್ಬರು ರೋಗಿಗಳು, ಯಾರಿಗೆ ಕೊಡುತ್ತೀರಿ? ಅದನ್ನು ನನ್ನನ್ನು ಯಾರು ಕೇಳುತ್ತಾರೆ? ವಿದ್ಯಾರ್ಥಿಯ ಪಾಲಿಗೆ ಬರುವ ನೀತಿಪ್ರಶ್ನೆಗಳು ಸಣ್ಣವು, ಗಲೀಜಾದವು. ಅರಿವಳಿಕೆಯಲ್ಲಿರುವ ಹೆಂಗಸಿನ ಒಳಪರೀಕ್ಷೆಯನ್ನು ಕಲಿಕೆಗಾಗಿ ನೀವೂ ಒಮ್ಮೆ ಮಾಡಿ ಎಂದಾಗ, ಆಕೆಯನ್ನು ಕೇಳಿದ್ದೀರಾ ಸರ್ ಎನ್ನುವುದು ಹೇಗೆ? ಲಿಫ್ಟಿನಲ್ಲಿ ಯಾರದೋ ಎಚ್‌ಐವಿ ವರದಿಯ ಮಾತು ನಡೆದಾಗ ಏನು ಮಾಡಬೇಕು? ಅಂಕ ಕೊಡುವವರ ಎದುರು ಬಾಯಿ ಬಿಡುವುದನ್ನು ಯಾವ ಅಧ್ಯಾಯದಲ್ಲಿ ಕಲಿಸಿದ್ದಾರೆ?

ಈಗ ನಾನು ಒಂದು ಸಣ್ಣ ಕೆಲಸ ಮಾಡುತ್ತೇನೆ. ಫಾರ್ಮ್ ತೆರೆಯುವ ಮೊದಲು ರೋಗಿಯ ಪಕ್ಕ ಕುಳಿತು, “ನಾಳೆ ನಿಮಗೆ ಏನು ಮಾಡುತ್ತಾರೆ ಎಂದು ಮನೆಯವರು ಕೇಳಿದರೆ ಏನು ಹೇಳುತ್ತೀರಿ?” ಎನ್ನುತ್ತೇನೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಬಂದಿದ್ದ ಒಬ್ಬರು, ಕಲ್ಲು ತೆಗೆದು ಚೀಲವನ್ನು ಮತ್ತೆ ಹೊಲಿಯುತ್ತಾರೆ ಎಂದರು. ಚೀಲವನ್ನೇ ತೆಗೆಯುತ್ತಾರೆಂಬುದು ಅವರಿಗೆ ಗೊತ್ತೇ ಇರಲಿಲ್ಲ. ಸೀನಿಯರ್ ಬಳಿ ಹೋಗಿ, ಅವರಿಗೆ ಅರ್ಥವಾಗಿಲ್ಲ ಎಂದೆ. ಅವರು ಗೊಣಗುತ್ತಲೇ ಬಂದು, ಫಾರ್ಮ್‌ನ ಹಿಂಬದಿಯಲ್ಲಿ ಯಕೃತ್ತನ್ನೂ ಅದರ ಕೆಳಗೊಂದು ಪುಟ್ಟ ಚೀಲವನ್ನೂ ಬಿಡಿಸಿ ತೋರಿಸಿದರು. ಆರು ನಿಮಿಷ. ರೋಗಿ ಮೂರು ಪ್ರಶ್ನೆ ಕೇಳಿ, ಆಮೇಲೆ ಸಹಿ ಹಾಕಿದರು. ಎಲ್ಲ ಸಲವೂ ಹೀಗಾಗುವುದಿಲ್ಲ. ಇನ್ನೊಬ್ಬ ಸೀನಿಯರ್, “ಒಂದು ಸಹಿ ಹಾಕಿಸಲು ಬರುವುದಿಲ್ಲವೇ ನಿನಗೆ?” ಎಂದು ಫಾರ್ಮ್ ಕಿತ್ತುಕೊಂಡು ನನ್ನ ಸಹಪಾಠಿಯ ಕೈಗೆ ಕೊಟ್ಟರು. ಅವನು ಎರಡು ನಿಮಿಷದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದ. ಆ ದಿನ ನಾನು ಸುಮ್ಮನಿದ್ದೆ.

ಆ ವೃದ್ಧರು ಗುಣವಾಗಿ ಮನೆಗೆ ಹೋದರು. ಅವರ ಕೇಸ್ ಶೀಟ್ ಅನ್ನು ದಾಖಲೆ ಕೊಠಡಿಗೆ ಒಯ್ಯುವ ಕೆಲಸ ನನಗೇ ಬಂತು. ಕಟ್ಟುವ ಮೊದಲು ಒಪ್ಪಿಗೆಯ ಫಾರ್ಮ್ ತೆಗೆದು ನೋಡಿದೆ. ಹೆಬ್ಬೆಟ್ಟಿನ ಗುರುತು ಒಂದು ಬದಿಗೆ ಜಾರಿತ್ತು. ಅದರ ಕೆಳಗೆ ಅಚ್ಚಾದ ಸಾಲು: ಮೇಲಿನ ವಿಷಯವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ನನ್ನ ಸಮಕ್ಷಮದಲ್ಲಿ ವಿವರಿಸಲಾಗಿದೆ. ಸಾಕ್ಷಿಯ ಸಹಿ ಎಂಬಲ್ಲಿ ದುಂಡಗೆ, ಅಂದವಾಗಿ ನನ್ನ ಹೆಸರಿತ್ತು.