ಗಾಡಿ ಎಳೆದ ಹುಡುಗರು ಅಂದು ಏನು ತಿಂದಿದ್ದರು?

ಸೆಪ್ಟೆಂಬರ್ 5 ಬಂತೆಂದರೆ ಮೈಸೂರಿನವರ ಫೇಸ್‌ಬುಕ್ ಗೋಡೆಗಳ ಮೇಲೆಲ್ಲ ಒಂದೇ ಕಥೆ. ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಚೆಂದದ ಕಥೆ, ನಾನೂ ಹಂಚಿಕೊಂಡಿದ್ದೇನೆ. ಆದರೆ ನನ್ನ ಕುತೂಹಲವೆಲ್ಲ ಗಾಡಿಯಲ್ಲಿ ಕುಳಿತವರಿಗಿಂತ ಅದನ್ನು ಎಳೆದವರ ಬಗ್ಗೆ. ಆ ಹುಡುಗರು ಯಾವ ಊರಿನವರು? ರಾತ್ರಿ ಎಲ್ಲಿ ಮಲಗುತ್ತಿದ್ದರು? ಅಂದು ಬೆಳಿಗ್ಗೆ ಏನು ತಿಂದಿದ್ದರು?

ಆ ಕಾಲದ ಬಡ ವಿದ್ಯಾರ್ಥಿಯನ್ನು ಸಾಕಿದ್ದು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅಗ್ರಹಾರದ ತಾಯಂದಿರ ಕೈತುತ್ತು ಎಂದು ನಾವು ಕಣ್ಣೊದ್ದೆ ಮಾಡಿಕೊಳ್ಳುತ್ತೇವೆ. ಆ ಮನೆಗಳ ಪಡಸಾಲೆ ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ ಎಂಬುದನ್ನು ಮಾತ್ರ ಮರೆಯುತ್ತೇವೆ. ತಾತಯ್ಯನವರೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರ ಅನಾಥಾಲಯ, ಜಾತಿಗೊಂದರಂತೆ ಎದ್ದ ವಿದ್ಯಾರ್ಥಿನಿಲಯಗಳು, ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮೀಜಿಯವರ ಉಚಿತ ಪ್ರಸಾದನಿಲಯ, ಇವೆಲ್ಲ ಬಂದ ಮೇಲೆಯೇ ಹಳ್ಳಿಯ ಹುಡುಗರು ಈ ಊರಿನಲ್ಲಿ ಕಾಲೂರಿದ್ದು. ಮಕ್ಕಳ ದಾಸೋಹ ನಿಲ್ಲಬಾರದೆಂದು ಸ್ವಾಮೀಜಿಯವರು ಇಷ್ಟಲಿಂಗ ಇಡುವ ಚಿನ್ನದ ಕರಡಿಗೆಯನ್ನೇ ಮಾರಿದರೆಂದು ಹಳಬರು ಇಂದಿಗೂ ಹೇಳುತ್ತಾರೆ.

ಇನ್ನೊಂದು ಸಂಗತಿ ನೋಡಿ. ರಾಧಾಕೃಷ್ಣನ್ ಮೈಸೂರಿಗೆ ಬಂದದ್ದು 1918ರಲ್ಲಿ. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗಲೆಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದೂ ಅದೇ ವರ್ಷ. ರಾಧಾಕೃಷ್ಣನ್ ಊರು ಬಿಟ್ಟ 1921ರಲ್ಲಿಯೇ ಆ ಸಮಿತಿಯ ಶಿಫಾರಸಿನ ಮೇಲೆ ಆದೇಶ ಹೊರಬಿತ್ತು. ನೌಕರಿಯಲ್ಲಿ ಪಾಲು ಬೇಕೆಂದರೆ ಮೊದಲು ಓದಬೇಕು, ಓದಬೇಕೆಂದರೆ ತಂಗಲು ಜಾಗ, ಎರಡು ಹೊತ್ತು ಅನ್ನ ಬೇಕು. ಗಾಡಿಯ ಕಥೆ ಎಲ್ಲರಿಗೂ ಬಾಯಿಪಾಠ. ಈ ಕಥೆ ಯಾರ ಗೋಡೆಯ ಮೇಲೂ ಕಾಣುವುದಿಲ್ಲ.

ನಾನು ಇದೇ ಊರಿನ ಒಂದು ಹಳೆಯ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೆಸರು ಬೇಡ, ನಾಳೆ ಪ್ರಾಂಶುಪಾಲರಿಗೆ ಮುಖ ತೋರಿಸಬೇಕು. ಕಟ್ಟಡದ ಬಗ್ಗೆ ನನ್ನದೇನೂ ತಕರಾರಿಲ್ಲ. ಸುಣ್ಣದ ಗಾರೆಯ ದಪ್ಪ ಗೋಡೆ, ಆಳೆತ್ತರದ ಕಿಟಕಿ, ಏಪ್ರಿಲ್ ಬಿಸಿಲಿನಲ್ಲೂ ಫ್ಯಾನ್ ಬೇಡವೆನ್ನಿಸುವ ತಂಪು. ಸಂಜೆ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಕಂಬಕ್ಕೆ ಒರಗಿ ನಿಂತಿರುತ್ತಾರೆ. ಆ ಕಂಬಗಳಿಗೆ ಸುಣ್ಣ ಬಳಿಯಲು ಆಗಾಗ ಹಣ ಬರುತ್ತದೆ, ಉದ್ಘಾಟನೆಗೆ ಗಣ್ಯರೂ ಬರುತ್ತಾರೆ.

ಕಟ್ಟಡದ ಹಿಂದಕ್ಕೆ ಬನ್ನಿ. ಅಲ್ಲಿ ಬಳಕೆ ತಪ್ಪಿದ ಕಲ್ಲಿನ ಮೆಟ್ಟಿಲುಗಳಿವೆ. ಮಧ್ಯಾಹ್ನ ಹೆಣ್ಣುಮಕ್ಕಳು ಅಲ್ಲಿ ಬುತ್ತಿ ಬಿಚ್ಚುತ್ತಾರೆ. ಕೃಷ್ಣರಾಜಪೇಟೆ ಕಡೆಯ ಹುಡುಗಿಯ ಸ್ಟೀಲ್ ಡಬ್ಬಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ನಸುಕಿನಲ್ಲಿ ಕಟ್ಟಿದ ರೊಟ್ಟಿ ಮಧ್ಯಾಹ್ನದ ಹೊತ್ತಿಗೆ ಅಂಚು ಒಣಗಿ ಮುರಿಯುವಂತಾಗಿರುತ್ತದೆ. ನಂಜನಗೂಡಿನವಳ ಡಬ್ಬಿಯಲ್ಲಿ ಚಿತ್ರಾನ್ನ. ಡಬ್ಬಿ ತರದವರು ಇಬ್ಬರಾದರೂ ಇರುತ್ತಾರೆ, ಅವರಿಗೆ ಮುಚ್ಚಳದಲ್ಲಿ ಪಾಲು. ಯಾರೂ ಮಾತನಾಡುವುದಿಲ್ಲ, ಮುಚ್ಚಳ ತಾನಾಗಿ ಸಾಗುತ್ತದೆ. ಮಳೆ ಬಂದರೆ ಪ್ರಯೋಗಾಲಯದ ಪಡಸಾಲೆಯಲ್ಲಿ ನಿಂತೇ ತಿನ್ನುತ್ತಾರೆ.

ಆ ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿದಿರುವುದಿಲ್ಲ. ಏಕೆಂದು ಒಮ್ಮೆ ಕೇಳಿದೆ. ಒಬ್ಬಳು ನಕ್ಕಳು, ಇನ್ನೊಬ್ಬಳು ಶೌಚಾಲಯದ ಕಡೆ ಕಣ್ಣು ತೋರಿಸಿದಳು. ಮೂರು ಬಾಗಿಲು, ಒಂದಕ್ಕೆ ಚಿಲಕವಿಲ್ಲ, ಇನ್ನೊಂದಕ್ಕೆ ಬೀಗ. ನೀರು ಕುಡಿಯದೆ ಮೂರು ವರ್ಷ ಪದವಿ ಓದುವುದು ಹೇಗೆಂದು ಇವರಿಂದ ಕಲಿಯಬೇಕು. ಇಂಥಲ್ಲಿಗೆ ಬಂದು ಮಾನ್ಯತೆಯ ಸಮಿತಿಗಳು ಅಂಕ ಕೊಟ್ಟು ಹೋಗುತ್ತವೆ. ಅವರು ಬರುವ ದಿನ ಬೀಗ ತೆಗೆದಿರುತ್ತದೆ, ಸೋಪೂ ಇರುತ್ತದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ತರಗತಿಯಲ್ಲಿ ದೂರದ ಹಳ್ಳಿಗಳ ಹುಡುಗಿಯರು ಹೆಚ್ಚಾಗಿದ್ದಾರೆ. ಬಸ್ ಚಾರ್ಜು ಉಳಿದದ್ದು ದೊಡ್ಡ ಮಾತೇ, ಅದನ್ನು ಗೇಲಿ ಮಾಡುವವರ ಜೊತೆ ನಾನು ಜಗಳಕ್ಕೆ ಸಿದ್ಧ. ಆದರೆ ಬಸ್ಸಿನಿಂದ ಇಳಿದ ಮೇಲೆ ಮತ್ತೆ ಬಸ್ ಹತ್ತುವವರೆಗಿನ ಎಂಟು ಗಂಟೆ ಅವರು ಯಾರ ಲೆಕ್ಕಕ್ಕೂ ಸೇರಿಲ್ಲ. ಹಾಸ್ಟೆಲ್ ಆಯ್ಕೆ ಪಟ್ಟಿ ಬರುವಷ್ಟರಲ್ಲಿ ಸೆಮಿಸ್ಟರಿನ ಪರೀಕ್ಷೆ ಹತ್ತಿರವಾಗಿರುತ್ತದೆ. ಬಿಸಿಯೂಟ ಹತ್ತನೇ ತರಗತಿಗೆ ಮುಗಿಯಿತು. ಹದಿನೈದರವರೆಗೆ ಹಸಿವು, ಹದಿನೆಂಟಕ್ಕೆ ಇಲ್ಲ ಎಂದು ಯಾವ ವೈದ್ಯರು ಹೇಳಿದರೋ! ಇಂದಿರಾ ಕ್ಯಾಂಟೀನಿನಲ್ಲಿ ಹತ್ತು ರೂಪಾಯಿಗೆ ಊಟವಿದೆ ಎನ್ನುವವರು ಒಮ್ಮೆ ಮಧ್ಯಾಹ್ನದ ಸಾಲಿನಲ್ಲಿ ನಿಂತು, ಎರಡು ಗಂಟೆಯ ತರಗತಿಗೆ ಓಡಿಬಂದು ತೋರಿಸಲಿ.

ಹನ್ನೊಂದೂವರೆಯ ತರಗತಿಯಲ್ಲಿ ತಲೆ ಮೇಜಿಗೆ ಬಾಗುವುದನ್ನು ಕೆಲವು ಸಹೋದ್ಯೋಗಿಗಳು ಮೊಬೈಲಿನ ಚಟವೆಂದೇ ತೀರ್ಮಾನಿಸುತ್ತಾರೆ. ರಾತ್ರಿಯೆಲ್ಲ ರೀಲ್ಸ್ ನೋಡಿದ್ದಾರೆ ಎಂದು ಬೈಯುತ್ತಾರೆ. ಇರಬಹುದು. ಆದರೆ ಬೆಳಿಗ್ಗೆ ಆರರ ಬಸ್ಸು ಹಿಡಿದವಳನ್ನು ಬೈಯುವ ಮುನ್ನ ತಿಂಡಿ ಆಯಿತೇ ಎಂದು ಕೇಳಲು ಏನು ಖರ್ಚು?

ಪರಂಪರೆಯ ಕಟ್ಟಡ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. 2022ರ ಅಕ್ಟೋಬರ್ ಮಳೆಯಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗ ಕುಸಿದಾಗ ಇಡೀ ಊರು ಮಿಡಿಯಿತು, ಮಿಡಿಯಬೇಕಾದದ್ದೇ. ಗಾರೆ ಉದುರಿದರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ತಜ್ಞರು ಬರುತ್ತಾರೆ. ಹುಡುಗಿಯೊಬ್ಬಳು ಮೂರನೇ ಸೆಮಿಸ್ಟರಿಗೆ ಬರುವುದನ್ನು ಬಿಟ್ಟರೆ ಹಾಜರಿ ಪುಸ್ತಕದಲ್ಲಿ ಒಂದು ಸಾಲು ಖಾಲಿ ಉಳಿಯುತ್ತದೆ, ಅಷ್ಟೇ.

ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದ ಸಭೆಯ ಪತ್ರ ನಿನ್ನೆ ಕೈಸೇರಿತು. ಕಾರ್ಯಸೂಚಿಯಲ್ಲಿ ಮೊದಲು ಸಾಧಕರಿಗೆ ಮೈಸೂರು ಪೇಟ ತೊಡಿಸಿ ಸನ್ಮಾನ, ಆಮೇಲೆ ಸ್ಮರಣ ಸಂಚಿಕೆ, ಆಮೇಲೆ ಮುಂಭಾಗಕ್ಕೆ ದೀಪಾಲಂಕಾರ. ಶೌಚಾಲಯ ಮತ್ತು ಊಟದ ಕೊಠಡಿ 'ಇತರೆ ವಿಷಯಗಳು' ಎಂಬ ಕೊನೆಯ ಸಾಲಿನಲ್ಲಿವೆ; ಅಲ್ಲಿಗೆ ತಲುಪುವಷ್ಟರಲ್ಲಿ ಎಲ್ಲರೂ ಊಟಕ್ಕೆ ಎದ್ದಿರುತ್ತಾರೆ. ಅದನ್ನು ಒಂದನೆಯ ವಿಷಯ ಮಾಡಿ, ದೀಪದ ಹಣದಲ್ಲಿ ಚಿಲಕ, ನಲ್ಲಿ, ನಾಲ್ಕು ಉದ್ದನೆಯ ಮೇಜು ಹಾಕಿಸಿ ಎಂದು ಕಾರ್ಯದರ್ಶಿಯವರಿಗೆ ಬರೆದಿದ್ದೇನೆ. ಈ ಊರಿನ ಯಾವುದೇ ಹಳೆಯ ಕಾಲೇಜಿನಲ್ಲಿ ಓದಿದವರು ನೀವಾದರೆ, ನಿಮ್ಮ ಸಂಘಕ್ಕೂ ಈ ವಾರವೇ ಒಂದು ಪತ್ರ ಹಾಕಿ.